ಎರೆನೆಲದಲ್ಲಿ ಮನೆಗೆ ಜಾಗ ಸಿದ್ಧಪಡಿಸುವುದು (ಸುರೇಬಾನ ಸೀಮೆ)

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿನ ಸುರೇಬಾನ ಮಲಪ್ರಭಾ ಸೀಮೆಯ ಊರು, ಹತ್ತಿರದಲ್ಲೇ ಶಬರಿಕೊಳ್ಳ. ಗುಡ್ಡದ ಬದಿಗೆ ಮರಳುಗಲ್ಲು, ಬಯಲಿನಲ್ಲಿ ಎರೆಮಣ್ಣು. ಹತ್ತಿ, ಜೋಳಕ್ಕೆ ಒಗ್ಗುವ ಈ ಎರೆ ಮನೆಯ ಬುನಾದಿಗೆ ಒಗ್ಗದು. ಅದರಲ್ಲಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ನೆಲದ ಈ ಏರಿಳಿತಕ್ಕೆ ಗೋಡೆಗಳೂ ಸೀಳುತ್ತವೆ.

ಆದ್ದರಿಂದ ಗುದ್ದಲಿಪೂಜೆಗೆ ಮುನ್ನ ಗುಂಡಿ ತೋಡಿ, ಎರೆ ಎಷ್ಟು ಆಳವಿದೆಯೆಂದು ನೋಡಬೇಕು. ತೆಳುವಾಗಿದ್ದರೆ ಪೂರ್ತಿ ತೆಗೆದು, ಗಟ್ಟಿ ಪದರದ ಮೇಲೆ ಪಾಯ ಹಾಕಿ, ಒಳಗೆ ಗರಸು ತುಂಬುತ್ತಾರೆ. ಗರಸನ್ನು ಪದರು ಪದರಾಗಿ ನೀರು ಹೊಡೆದು ದಮ್ಮಸು ಮಾಡಲೇಬೇಕು. ಅವಸರದಲ್ಲಿ ಒಮ್ಮೆಲೇ ಸುರಿದ ಭರ್ತಿ ಮುಂದೆ ಕುಸಿಯುತ್ತದೆ. ಎರೆ ಆಳವಾಗಿದ್ದರೆ ತಳದಲ್ಲಿ ಉಬ್ಬಿದ ಕಾಂಕ್ರೀಟ್ ಕಂಬಗಳು ಸೂಕ್ತ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಈ ವಿಧಾನಕ್ಕೆ ಐಎಸ್ 2911ರ 3ನೇ ಭಾಗ ಮಾನದಂಡ. ಮಳೆನೀರು ಪಾಯದ ಬಳಿ ನಿಲ್ಲದಂತೆ ಇಳಿಜಾರು ಕೊಡುವುದು ಅತಿ ಅಗ್ಗದ, ಅತಿ ಹೆಚ್ಚು ಮರೆತುಹೋಗುವ ಕೆಲಸ.

2019ರ ಮಲಪ್ರಭಾ ಪ್ರವಾಹ ಕಂಡ ಈ ತಾಲ್ಲೂಕಿನಲ್ಲಿ ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಊರ ಹಿರಿಯರನ್ನು ಕೇಳಿಯೇ ಕಟ್ಟೆಯ ಎತ್ತರ ನಿರ್ಧರಿಸಬೇಕು. ಹೊಲದಲ್ಲಿ ಕಟ್ಟುವುದಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಬೇಕೇ ಎಂದು ಮೊದಲೇ ವಿಚಾರಿಸಬೇಕು.