ನವಕೋಟಿನಾರಾಯಣರ ತೆರಿಗೆಗಳು

ಗುಂಡ್ಲುಪೇಟೆಗೆ ದಕ್ಷಿಣದಲ್ಲಿರುವ ಹಂಗಳ ಗ್ರಾಮದಲ್ಲಿ ಮೈಸೂರು ರಾಜಕುಮಾರರೊಬ್ಬರು ತಂದೆಯೊಡನೆ ನಿರ್ಬಂಧದಲ್ಲಿದ್ದರು. ಅವರೇ 1673ರಲ್ಲಿ ಪಟ್ಟವೇರಿದ ಚಿಕ್ಕದೇವರಾಜ ಒಡೆಯರು. ಸೆರೆಯಲ್ಲಿ ಅವರಿಗೆ ಸಹಚರನಾಗಿದ್ದವನು ಯಳಂದೂರಿನ ಜೈನ ವಿಶಾಲಾಕ್ಷ ಪಂಡಿತ. ರಾಜ್ಯವು ಲಭಿಸಿದಾಗ ಮಂತ್ರಿಪದವಿಯೂ ಅವನಿಗೇ ಲಭಿಸಿತು.

ಅರಸನಿಗೆ ಬೆಳೆಯ ಆರನೆಯ ಒಂದು ಭಾಗವೇ ನ್ಯಾಯವೆಂಬುದು ಧರ್ಮಶಾಸ್ತ್ರಗಳ ಮತ. ಆ ಷಡ್ಭಾಗವನ್ನು ಹೆಸರಿಗೆ ಮುಟ್ಟದೆ ಬೊಕ್ಕಸವನ್ನು ತುಂಬುವ ಉಪಾಯವೆಂದರೆ ಚಿಲ್ಲರೆ ತೆರಿಗೆಗಳು. ಮನೆಗೆ ಒಂದು, ಮಗ್ಗಕ್ಕೆ ಒಂದು, ಕುರಿಗೆ, ಉಪ್ಪಿನ ಮೋಳೆಗೆ, ಮದುವೆಗೆ ಒಂದೊಂದು. ಧಾನ್ಯದಲ್ಲಿ ಪಾಲು ಕೊಟ್ಟವನು ಅದರ ಹುಲ್ಲಿಗೂ ‘ಹುಲ್ಲುಹಣ’ವನ್ನು ತೆರಬೇಕಾಯಿತು! ಶಾಸ್ತ್ರದ ಅಕ್ಷರವು ಉಳಿಯಿತು, ಅರ್ಥವು ಹೋಯಿತು. ಅದೂ ಅಲ್ಲದೆ, ಧಾನ್ಯದ ಪಾಲು ಬೆಳೆಯೊಡನೆ ಏರಿಳಿಯುವುದು; ಹಣದ ತೆರಿಗೆಯಾದರೋ ಬರಗಾಲದಲ್ಲಿಯೂ ಅಷ್ಟೇ.

ರೈತರು ನೇಗಿಲನ್ನು ತಲೆಕೆಳಗಾಗಿಸಿ ಊರಬಾಗಿಲ ಮರಕ್ಕೆ ತೂಗುಹಾಕಿ ಉಳುವುದನ್ನೇ ನಿಲ್ಲಿಸಿದರೆಂದೂ, ಅವರಿಗೆ ಮುಂದಾಳುಗಳಾದ ಜಂಗಮರಲ್ಲಿ ನಾನೂರಕ್ಕೂ ಮೇಲ್ಪಟ್ಟವರನ್ನು ನಂಜನಗೂಡಿಗೆ ಕರೆಸಿ ಕೊಲ್ಲಿಸಲಾಯಿತೆಂದೂ ಕರ್ನಲ್ ವಿಲ್ಕ್ಸ್ ಬರೆದಿರುವನು. ಅವನ ಗ್ರಂಥವು ಹೊರಬಿದ್ದುದು 1810ರಲ್ಲಿ. ನಡುವೆ ನೂರು ವರ್ಷಗಳಿಗೂ ಹೆಚ್ಚು ಕಳೆದಿದ್ದುದರಿಂದ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ಆದರೆ ವಿಶಾಲಾಕ್ಷ ಪಂಡಿತನು ಘಾತುಕರ ಕೈಯಲ್ಲಿ ಮಡಿದುದೂ, ಆ ಸ್ಥಾನಕ್ಕೆ ತಿರುಮಲಾರ್ಯನು ಬಂದುದೂ ದಿಟ.

ಆ ಹಣವೆಲ್ಲವೂ ಏನಾಯಿತು? ಒಂದಂಶವು ಯುದ್ಧಕ್ಕೆ ಹೋಯಿತು. 1687ರಲ್ಲಿ ಮೊಗಲರಿಂದ ಬೆಂಗಳೂರನ್ನು ಕೊಂಡುದು ಮೂರು ಲಕ್ಷ ರೂಪಾಯಿಗೆ. ಒಂದಂಶವು ಕಾವೇರಿಯ ನಾಲೆಗಳಾಗಿ ಗದ್ದೆಗೆ ಹರಿಯಿತು. ಗುಂಡ್ಲುಪೇಟೆಗೆ ಬಂದುದು, ತಂದೆಯ ಸ್ಮರಣಾರ್ಥ ಕಟ್ಟಿಸಿದ ಪರವಾಸುದೇವನ ಗುಡಿ. ಉಳಿದುದು ಬೊಕ್ಕಸದಲ್ಲಿಯೇ ನಿಂತಿತು. ದಿನಕ್ಕೆ ಎರಡು ಸಾವಿರ ವರಹಗಳನ್ನು ಒಳಗಿರಿಸದೆ ಅರಸರು ಉಪಾಹಾರವನ್ನು ಮುಟ್ಟುತ್ತಿರಲಿಲ್ಲವೆಂದು ಐತಿಹ್ಯ. ‘ನವಕೋಟಿನಾರಾಯಣ’ ಎಂಬ ಬಿರುದು ಹಾಗೆ ಬಂದುದು. ಖರ್ಚಾದ ವರಹವು ಕೂಲಿಯವನ ಕೈಯಿಂದ ಸಂತೆಗೆ, ಸಂತೆಯಿಂದ ರೈತನಿಗೆ ಮರಳೀತು. ಒಳಗೆ ಬಿದ್ದುದು ಮರಳದು. ನಾಣ್ಯವು ವಿರಳವಾದಷ್ಟೂ ಅದೇ ತೆರಿಗೆಯನ್ನು ತೆರಲು ರೈತನು ಹೆಚ್ಚು ಧಾನ್ಯವನ್ನು ಮಾರಬೇಕಾಗುವುದು. ಅರಸರ ಕೀರ್ತಿಯನ್ನು ಹೊಗಳುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ.

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸಿದುದು 1876–78ರ ಮಹಾಕ್ಷಾಮ. ಅದಕ್ಕೆ ಮುಂಚೆ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕಿಳಿದಿತ್ತು. ಕಂದಾಯವು ಬತ್ತಿತು, ಖರ್ಚು ಏರಿತು, ಇಂಡಿಯಾ ಸರಕಾರಕ್ಕೆ ಸಂಸ್ಥಾನವು 80 ಲಕ್ಷ ರೂಪಾಯಿ ಋಣಿಯಾಯಿತು. ಹಸಿದವರಿಗೆ ಕೂಲಿ ದೊರೆಯಲೆಂದು ಬೆಂಗಳೂರು–ಮೈಸೂರು ರೈಲುದಾರಿಯ ಕೆಲಸವನ್ನು ಹಿಡಿದರು. ಆ ದಾರಿಯು 1891ರಲ್ಲಿ ನಂಜನಗೂಡನ್ನೂ, 1926ರಲ್ಲಿ ಚಾಮರಾಜನಗರವನ್ನೂ ಮುಟ್ಟಿತು. ಗುಂಡ್ಲುಪೇಟೆಗೆ ಮಾತ್ರ ಅದು ಬರಲೇ ಇಲ್ಲ.