ಹಸನ

ನಾನು ಸಣ್ಣವಳಿದ್ದಾಗ ಸವದತ್ತಿ ಸೀಮೆಯ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತು ಯಾರ ಮನೆಗೆ ಹೋಗಿ "ಏನ್ ನಡಸೀರಿ?" ಎಂದು ಕೇಳಿದರೂ ಉತ್ತರ ಬಹುಮಟ್ಟಿಗೆ ಒಂದೇ: "ಏನಿಲ್ಲವಾ, ಜ್ವಾಳಾ ಹಸನ ಮಾಡಾಕತ್ತೇವಿ." ಆ 'ಏನಿಲ್ಲ'ದೊಳಗೆ ಎರಡು ತಾಸಿನ ದುಡಿಮೆ ಇರುತ್ತಿತ್ತು. ಗೋಣಿತಟ್ಟಿನ ಮೇಲೆ ಜೋಳ, ಮೊಣಕಾಲ ಮುಂದೆ ಮೊರ, ಬದಿಗೆ ಸಾಣಿಗಿ. ಮೊದಲು ಕೇರಬೇಕು, ಹೊಟ್ಟು ಹಾರಿಹೋಗುತ್ತದೆ. ಆಮೇಲೆ ಸಾಣಿಗಿ ಹಿಡಿಯಬೇಕು, ಸಣ್ಣ ಮಣ್ಣು ಕೆಳಗಿಳಿಯುತ್ತದೆ. ಕಡೆಗೆ ಉಳಿಯುವುದು ಜೋಳ, ಅದರ ಜೊತೆ ಜೋಳದಷ್ಟೇ ಗಾತ್ರದ ಹರಳು. ಅಲ್ಲಿಂದ ಮುಂದೆ ಗಾಳಿಯೂ ನೆರವಿಗೆ ಬಾರದು, ಸಾಣಿಗಿಯೂ ಬಾರದು. ಕಣ್ಣಿಟ್ಟು ನೋಡಬೇಕು, ಎರಡು ಬೆರಳಲ್ಲಿ ಎತ್ತಿ ತೆಗೆಯಬೇಕು.

ಮೈಸೂರು ಕಡೆಯ ನನ್ನ ಗೆಳತಿಯರಿಗೆ ಹಸನು ಎಂದರೆ ಚೆನ್ನಾಗಿರುವುದು. ಮದುವೆ ಮನೆಯಲ್ಲಿ "ಬಾಳು ಹಸನಾಗಲಿ" ಎಂದು ಹಾರೈಸುವಾಗ ಬರುವ ಮಾತು. ನಮ್ಮ ಕಡೆ ಅದು ಮೊದಲು ಕೈಗೆಲಸ. ಜೋಳ ಹಸನ ಮಾಡಬೇಕು, ಕಡಲಿ ಹಸನ ಮಾಡಬೇಕು. ಮಳೆ ಹಿಡಿಯುವ ಮೊದಲು ಎರಿ ಹೊಲದ ಕೂಳೆ ಆರಿಸಿ, ಕರಕಿ ಕಿತ್ತು, ಕುಂಟಿ ಹೊಡೆದು ಹೊಲ ಹಸನ ಮಾಡಬೇಕು. ಇಷ್ಟೆಲ್ಲ ಮಾಡಿದ ಮೇಲೆ ಅದೇ ಮಾತು ಹೊಲದಿಂದ ಎದ್ದು ಮನೆಯೊಳಗೆ ಬರುತ್ತದೆ: "ಆಕಿ ಬಾಳೇ ಹಸನಾತು ನೋಡವಾ." ಕಸ ತೆಗೆಯುವ ಕೆಲಸಕ್ಕೂ ಚೆನ್ನಾಗಿ ಬಾಳುವುದಕ್ಕೂ ನಮ್ಮ ಹಿರಿಯರು ಒಂದೇ ಮಾತು ಸಾಕೆಂದುಕೊಂಡರು. ಒಂದು ಸೇರು ಜೋಳ ಹಸನ ಮಾಡಿದರೆ ಒಂದು ಸೇರು ಉಳಿಯುವುದಿಲ್ಲ, ಅಳತೆ ಕಡಿಮೆಯಾಗುತ್ತದೆ. ಕಡಿಮೆಯಾದದ್ದಕ್ಕೇ ನಮ್ಮ ಜನ ಹಸನಾತು ಅಂದರು. ವಯಸ್ಸು ಐವತ್ತು ದಾಟಿದ ಮೇಲೆ ನನಗೆ ಈ ಲೆಕ್ಕ ಹತ್ತಿತು.

ಈ ಸಪ್ಪಳದ ಮಾತು ಬೇರೆ ಕಡೆಗಳಲ್ಲೂ ಇದೆ. ಅರಬ್ಬಿಯಲ್ಲಿ ಹಸನ್ ಎಂದರೆ ಒಳ್ಳೆಯದು, ಚೆಲುವಾದದ್ದು. ಪ್ರವಾದಿ ಮೊಹಮ್ಮದರ ಹಿರಿಯ ಮೊಮ್ಮಗನ ಹೆಸರೂ ಅದೇ. ನಮ್ಮ ಹಳ್ಳಿಗಳಲ್ಲಿ ಮೊಹರಮ್ಮಿನ ಡೋಲಿ ಏಳುವಾಗ ಲಿಂಗಾಯತರ ಓಣಿಯ ಹುಡುಗರೂ ಹಸನ್-ಹುಸೇನರ ಪದ ಹಾಡುತ್ತಾರೆ, ಕುಣಿಯುತ್ತಾರೆ. ಸಂಸ್ಕೃತದ ಹಸನ ನಗುವಿಗೆ ಸೇರಿದ್ದು, ಹಸನ್ಮುಖಿ ಅನ್ನುತ್ತೇವಲ್ಲ, ಅದರ ಬಳಗ. ಒಳ್ಳೆಯದು, ನಗು, ಹರಳು ತೆಗೆದ ಜೋಳ ಎಲ್ಲವೂ ಒಂದೇ ಬಾಯಿಂದ ಒಂದೇ ಸಪ್ಪಳದಲ್ಲಿ ಬರುತ್ತವೆ. ಯಾವುದು ಎಲ್ಲಿಂದ ಹರಿದು ಬಂತೆಂದು ಆ ಬಾಯಿ ಕೇಳಲಿಲ್ಲ.

ಪತ್ರಿಕೆಗಳಲ್ಲಿ ಈ ಮಾತಿಗೆ ಈಗ ಬೇರೆಯೇ ಒಂದು ಬದುಕು ಬಂದಿದೆ. "ನೀರಾವರಿಯಿಂದ ರೈತರ ಬದುಕು ಹಸನು", "ಯೋಜನೆಯಿಂದ ಮಹಿಳೆಯರ ಬಾಳು ಹಸನು" ಎಂಬ ತಲೆಬರಹ ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಅದನ್ನು ಓದುವಾಗ ನನಗೆ ಏನೋ ತೊಡರಿದಂತಾಗುತ್ತದೆ. ಅಲ್ಲಿ ಹಸನ ಹೊರಗಿನಿಂದ ಬರುತ್ತದೆ, ಯಾರೋ ತಂದು ಕೊಡುತ್ತಾರೆ. ಹೊರಗಿನದೂ ಬೇಕು, ಇಲ್ಲವೆನ್ನಲಾರೆ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ 1970ರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟಾಗ ಮಳೆಯನ್ನೇ ನಂಬಿದ್ದ ಎಷ್ಟೋ ಮನೆಗಳಲ್ಲಿ ಒಲೆಯ ಬೆಂಕಿ ಗಟ್ಟಿಯಾಯಿತು. ಅದೇ ನೀರಿನ ಕರದ ಭಾರಕ್ಕೆ 1980ರಲ್ಲಿ ನರಗುಂದ-ನವಲಗುಂದದ ರೈತರು ಬೀದಿಗಿಳಿದರು, ಗುಂಡಿಗೆ ಎದೆಯೊಡ್ಡಿದರು. ನೀರು ಬಸಿದುಹೋಗಲು ದಾರಿಯಿಲ್ಲದ ಕಡೆ ಎರಿ ಭೂಮಿ ಸವಳಾಯಿತು. ಹೊಲಕ್ಕೆ ನೀರು ಬಂದ ಮೇಲೂ ಹೊಲ ಹಸನ ಮಾಡುವ ಕೆಲಸ ಉಳಿದೇ ಇತ್ತು. ಅದನ್ನು ಯಾವ ಕಾಲುವೆಯೂ ಹೊತ್ತು ತರಲಿಲ್ಲ.

ನನಗೆ ಹಸನ ಮಾಡುವುದನ್ನು ಕಲಿಸಿದವಳು ಆಯಿ, ಅಪ್ಪನ ತಾಯಿ. ಒಂಬತ್ತೋ ಹತ್ತೋ ವಯಸ್ಸು ನನಗೆ. ಮೊರದ ಮೇಲೆ ಬಗ್ಗಿ, ಹುಬ್ಬು ಗಂಟು ಹಾಕಿಕೊಂಡು ಹರಳು ಹುಡುಕುತ್ತಿದ್ದೆ. ಒಂದು ಸಿಕ್ಕರೆ ಗೆದ್ದಷ್ಟು ಖುಷಿ. ಆಯಿ ಸುಮ್ಮನೆ ನೋಡುತ್ತಿದ್ದಳು. ಆಮೇಲೆ ನನ್ನ ಗದ್ದ ಹಿಡಿದು ಮೇಲೆತ್ತಿದಳು. "ಯವ್ವಾ, ಕಲ್ಲ ಹುಡುಕಬ್ಯಾಡ. ಜ್ವಾಳಾ ನೋಡ. ಜ್ವಾಳಾ ನೋಡಿದ್ರ ಕಲ್ಲ ತಾನ ಕಾಣತೈತಿ." ನಂತರ ನನ್ನನ್ನು ಮೊರದ ಸಮೇತ ಸರಿಸಿ ಹೊಸ್ತಿಲ ಹತ್ತಿರ ಕೂರಿಸಿದಳು. "ಹಿಂಗ ಬಾಗಲಾಗ ಕುಂಡ್ರ, ಬೆಳಕಿಗೆ."

ಆಕೆ ಹೇಳಿದಂತೆ ಮಾಡಿದೆ. ಜೋಳವನ್ನು ಮೊರದ ತುದಿಯಿಂದ ಬೆರಳಲ್ಲಿ ತೆಳ್ಳಗೆ ಎಳೆದುಕೊಳ್ಳುತ್ತ, ಒಂದೊಂದು ಕಾಳಿನ ಮುತ್ತಿನಂಥ ಮೈಯನ್ನು, ಅದರ ಮೂತಿಯ ಕಂದು ಚುಕ್ಕಿಯನ್ನು ನೋಡುತ್ತ ಹೋದೆ. ಕರಿ ಮಣ್ಣಿನ ಹೆಂಟಿ ತಾನಾಗಿ ಎದ್ದು ಕಂಡಿತು. ಆದರೆ ನಮ್ಮ ಎರಿ ಮಣ್ಣಿನಲ್ಲಿ ಇನ್ನೊಂದು ಜಾತಿಯ ಹರಳೂ ಇದೆ. ಸುಣ್ಣಕಲ್ಲಿನ ಬಿಳಿ ಹರಳು. ಬಿಳಿಜೋಳದಷ್ಟೇ ಬಿಳಿ, ಅಷ್ಟೇ ದುಂಡು. ಕಲ್ಲು ಹುಡುಕುವ ಕಣ್ಣಿಗೆ ಅದು ಬೀಳುವುದೇ ಇಲ್ಲ, ಜೋಳವೆಂದೇ ದಾಟಿಹೋಗುತ್ತದೆ. ಗಿರಣಿಗೆ ಹೋಗಿ, ಹಿಟ್ಟಾಗಿ, ರೊಟ್ಟಿಯಾಗಿ ಬಂದು ಅಪ್ಪನ ಹಲ್ಲಿಗೆ ಸಿಕ್ಕಾಗಲೇ ಅದರ ಸುದ್ದಿ. ಕಾಳನ್ನು ಚೆನ್ನಾಗಿ ಬಲ್ಲ ಕಣ್ಣು ಮಾತ್ರ ಅದರ ಮೂತಿಯಲ್ಲಿ ಕಂದು ಚುಕ್ಕಿ ಇಲ್ಲವೆಂಬುದನ್ನು ಗುರುತಿಸುತ್ತದೆ.

ಅವ್ವ ತೀರಿಕೊಂಡ ವರ್ಷ ನಾನೂ ಅಕ್ಕನೂ ಆಕೆಯ ಬೋರಮಾಳದ ಮೇಲೆ ಮಾತು ಬಿಟ್ಟೆವು. ಕಡೆಯ ಎರಡು ವರ್ಷ ಅವ್ವನ ಮೈ ತೊಳೆದವಳು, ರಾತ್ರಿ ಎದ್ದು ಮಗ್ಗುಲು ಬದಲಿಸಿದವಳು ಅಕ್ಕ. ನಾನು ಧಾರವಾಡದಿಂದ ಸೂಟಿಗೆ ಬಂದು ಹೋಗುತ್ತಿದ್ದೆ. ಅವ್ವ ಸರವನ್ನು ಅಕ್ಕನ ಕೊರಳಿಗೆ ತಾನೇ ಹಾಕಿದ್ದಳಂತೆ. ದಿನದ ಕಾರ್ಯದಲ್ಲಿ ಹತ್ತು ಮಂದಿಯ ನಡುವೆ ನಾನು ಎದ್ದು ಲೆಕ್ಕ ಕೇಳಿದೆ. "ನಾನು ನೇರ ಮಾತಿನಾಕಿ. ಹಿಂದೊಂದು ಮುಂದೊಂದು ನನಗ ಗೊತ್ತಿಲ್ಲ" ಎಂದೆ. ಅಕ್ಕ ಏನೂ ಅನ್ನಲಿಲ್ಲ. ಸರ ತೆಗೆದು ಅವ್ವನ ಫೋಟೋದ ಮುಂದಿಟ್ಟು ಒಳಗೆ ಹೋದಳು. ಮೂರು ವರ್ಷ ಮಾತಿಲ್ಲ.

ಆ ಮೂರು ವರ್ಷವೂ ನಾನು ನನ್ನನ್ನು ನೋಡಿಕೊಳ್ಳದೆ ಇರಲಿಲ್ಲ. ರಾತ್ರಿ ಮಲಗುವ ಮೊದಲು ನೋಟುಬುಕ್ಕಿನಲ್ಲಿ ದಿನದ ತಪ್ಪು ಬರೆದಿಡುವ ರೂಢಿ ನನಗೆ ಬಹಳ ಹಳೆಯದು. ಸಿಟ್ಟು ಮಾಡಿದ್ದು, ಕೆಲಸ ಮುಂದೂಡಿದ್ದು, ಮೊಬೈಲಿನಲ್ಲಿ ಹೊತ್ತು ಕಳೆದದ್ದು. ಪುಟಗಟ್ಟಲೆ ಇದೆ. ಎಲ್ಲವೂ ಕರಿ ಹೆಂಟಿ, ದೂರದಿಂದಲೇ ಕಾಣುವಂಥವು. ಒಂದು ಶ್ರಾವಣದಲ್ಲಿ ಪೇಟೆಯಿಂದ ತಂದ ಜೋಳ ಹಸನ ಮಾಡಲು ಕೂತಿದ್ದೆ. ಬೆರಳ ಕೆಳಗಿಂದ ಬಿಳಿ ಹರಳೊಂದು ಜಾರಿ ಕಾಳಿನೊಳಗೆ ಸೇರಿಕೊಂಡಿತು. ಹುಡುಕಿದೆ, ಸಿಗಲಿಲ್ಲ. ಮತ್ತೆ ಮೊದಲಿಂದ ಜೋಳ ನೋಡುತ್ತ ಬಂದೆ. ಆಗ ಒಳಗೆ ಏನೋ ಚುಚ್ಚಿತು. ನೇರ ಮಾತಿನಾಕಿ ಎಂಬುದನ್ನು ನಾನು ಆ ನೋಟುಬುಕ್ಕಿನಲ್ಲಿ ಒಂದು ದಿನವೂ ಬರೆದಿರಲಿಲ್ಲ. ಅದು ನನ್ನ ಗುಣವೆಂದು, ಅಪ್ಪನಿಂದ ಬಂದ ಒಳ್ಳೆಯ ಕಾಳೆಂದು ಇಷ್ಟು ವರ್ಷ ಜೋಳದೊಳಗೇ ಬಿಟ್ಟಿದ್ದೆ. ಅಕ್ಕನ ಹಲ್ಲಿಗೆ ಸಿಕ್ಕದ್ದು ಅದೇ.

ಊರಿಗೂ ಇಂಥ ಬಿಳಿ ಹರಳು ಇರುತ್ತದೆ. ಸವದತ್ತಿ ಎಂದರೆ ಹೊರಗಿನವರಿಗೆ ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆಗೂ ಭರತ ಹುಣ್ಣಿಮೆಗೂ ಚಕ್ಕಡಿ, ಟ್ರ್ಯಾಕ್ಟರು, ಬಸ್ಸುಗಳಲ್ಲಿ ಜನ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು ಗುಡ್ಡ ಏರುತ್ತಾರೆ, ಉಧೋ ಉಧೋ ಎನ್ನುತ್ತ ಭಂಡಾರ ತೂರುತ್ತಾರೆ. ಆ ಭಕ್ತಿಯನ್ನು ನಾನು ಚಿಕ್ಕಂದಿನಿಂದ ಕಂಡಿದ್ದೇನೆ, ಅದು ಗಟ್ಟಿ ಕಾಳು. ಅದರ ನಡುವೆ ಅದೇ ಬಣ್ಣ ಹೊತ್ತು ಒಂದು ಕ್ರೌರ್ಯ ಕೂತಿತ್ತು. ಎಳೆಯ ಹುಡುಗಿಯರಿಗೆ, ಹೆಚ್ಚಾಗಿ ದಲಿತ ಮನೆಗಳ ಹುಡುಗಿಯರಿಗೆ, ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವುದು. ಅದು ಹರಕೆಯಂತೆ ಕಂಡಿತು, ಸೇವೆಯಂತೆ ಕಂಡಿತು. ಹೆತ್ತವರಿಗೂ ಹಾಗೇ ಕಂಡಿತು. ಬೆಳಗಾವಿ ಮುಂಬಯಿ ಪ್ರಾಂತದಲ್ಲಿದ್ದಾಗ 1934ರಲ್ಲೇ ಇದನ್ನು ತಡೆಯಲು ಒಂದು ಕಾನೂನು ಬಂತು, ಕರ್ನಾಟಕದಲ್ಲಿ 1982ರಲ್ಲಿ ಇನ್ನೊಂದು. ಕಾನೂನು ಸಾಣಿಗಿ ಇದ್ದಂತೆ, ಬೇಕೇ ಬೇಕು. ಆದರೆ ಕಡೆಯ ಹರಳನ್ನು ಬೆರಳಿಟ್ಟು ಎತ್ತಿದವರು ಆ ಮುತ್ತನ್ನು ಸ್ವತಃ ಕಟ್ಟಿಸಿಕೊಂಡಿದ್ದ ಹೆಣ್ಣುಮಕ್ಕಳು. ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಎಂದು ತಮ್ಮದೇ ಸಂಘಟನೆ ಕಟ್ಟಿಕೊಂಡರು, ಮನೆಮನೆಗೆ ಹೋಗಿ ತಾಯಂದಿರ ಮುಂದೆ ಕೂತು ತಮ್ಮ ಬಾಳನ್ನೇ ಬಿಚ್ಚಿ ಹೇಳಿದರು. ದೇವಿಯನ್ನು ಬಿಡು ಎಂದು ಹೇಳಬೇಕಾಗಿರಲಿಲ್ಲ ಅವರಿಗೆ. ಮಗಳನ್ನು ಶಾಲೆಗೆ ಕಳಿಸು ಎನ್ನಬೇಕಿತ್ತು. ಹಸನ ಎಂಬ ಮಾತಿಗೆ ಇದಕ್ಕಿಂತ ದೊಡ್ಡ ಅರ್ಥವನ್ನು ನಾನು ಕಂಡಿಲ್ಲ.

ಗುಡ್ಡದ ಕಥೆಯಲ್ಲಿ ರೇಣುಕೆ, ಅಂದರೆ ಯಲ್ಲಮ್ಮನೇ, ದಿನಾ ನಸುಕಿನಲ್ಲಿ ಮಲಪ್ರಭೆಗೆ ಹೋಗಿ, ಮರಳಿನಿಂದ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿಕೊಂಡು ನೀರು ತರುತ್ತಿದ್ದಳು. ಒಂದು ದಿನ ಕಣ್ಣೂ ಮನಸ್ಸೂ ಬೇರೆಡೆಗೆ ಹರಿದವು, ಕೊಡ ನಿಲ್ಲಲಿಲ್ಲ. ಒಂದು ಗಳಿಗೆಯ ಆ ನೋಟಕ್ಕೆ ಕಥೆ ಆಕೆಗೆ ಕೊಟ್ಟ ಶಿಕ್ಷೆಯನ್ನು ನನ್ನ ಮನಸ್ಸು ಎಂದೂ ಒಪ್ಪಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಹಿಂದಿನ ದಿನಗಳು. ನಿನ್ನೆಯ ಕೊಡ ಇವತ್ತಿಗೆ ಉಳಿಯುತ್ತಿರಲಿಲ್ಲ. ಪ್ರತಿ ಬೆಳಗೂ ಬರಿಗೈಯಲ್ಲಿ ಹೋಗಬೇಕು, ಮರಳನ್ನು ಮತ್ತೆ ಕೂಡಿಸಬೇಕು. ಹಸನ ಮಾಡಿಟ್ಟ ಜೋಳಕ್ಕೂ ಮಳೆಗಾಲದಲ್ಲಿ ನುಸಿ ಬೀಳುತ್ತದೆ. ಬೇವಿನ ಸೊಪ್ಪು ಹಾಕಿಟ್ಟರೂ ಬೀಳುತ್ತದೆ. ಮತ್ತೆ ಬಿಸಿಲಿಗೆ ಹರವಬೇಕು.

ಆಯುವ ಮಾತು ಬಂದರೆ ಶರಣೆ ಆಯ್ದಕ್ಕಿ ಲಕ್ಕಮ್ಮನ ಹೆಸರು ನೆನಪಾಗದೆ ಇರುವುದಿಲ್ಲ. ಗಂಡ ಮಾರಯ್ಯ ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಒಲೆಗೆ ಏರಿಸಲಿಲ್ಲ, ಮರಳಿಸಿ ಬಾ ಎಂದಳು. ಆ ಅಕ್ಕಿಯಲ್ಲಿ ಒಂದೂ ಹರಳು ಇದ್ದಿರಲಾರದು, ಆಯುವುದೇ ಅವರ ಬದುಕು. ಹೆಚ್ಚಾದ ಅಕ್ಕಿಯೇ ಆಕೆಯ ಕಣ್ಣಿಗೆ ಹರಳಾಗಿ ಕಂಡಿತು. ಸವದತ್ತಿ ತಾಲೂಕಿನ ಶಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಕಣ್ಣು ಮುಚ್ಚುವ ಮೊದಲು ತಮ್ಮ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟದ್ದನ್ನು ಕೇಳಿದಾಗಲೂ ನನಗೆ ಲಕ್ಕಮ್ಮನ ಅಡುಗೆಮನೆಯೇ ಕಾಣುತ್ತದೆ. ಬೆಳಗಾವಿಯ ಲಿಂಗರಾಜ ಕಾಲೇಜಿನ ಮೆಟ್ಟಿಲು ಹತ್ತುವ ಹುಡುಗರು ಆ ಹೆಸರಿನ ಹಿಂದಿರುವ ನಿರ್ಧಾರವನ್ನು ಒಮ್ಮೆ ನೆನೆದರೆ ಚಲೋ.

ಈಗ ಪೇಟೆಯಲ್ಲಿ ಕ್ಲೀನ್ ಮಾಡಿದ ಜೋಳ ಸಿಗುತ್ತದೆ, ಹಿಟ್ಟಿನ ಪಾಕೀಟೂ ಸಿಗುತ್ತದೆ. ಹೆಂಗಸರ ಸೊಂಟಕ್ಕೆ ಅಷ್ಟು ಆರಾಮ ಸಿಕ್ಕಿದ್ದಕ್ಕೆ ನನಗೆ ನಿಜವಾಗಿ ಸಂತೋಷವಿದೆ. ಮೊರದ ಮುಂದೆ ಗಂಡಸರು ಕೂತದ್ದನ್ನು ನಾನಂತೂ ನಮ್ಮೂರಲ್ಲಿ ಕಾಣಲಿಲ್ಲ. ಹರಳು ಹಲ್ಲಿಗೆ ಸಿಕ್ಕಾಗ ಮುಖ ಗಂಟು ಹಾಕುವುದಷ್ಟೇ ಅವರ ಪಾಲಿಗಿತ್ತು. ಮೊರ ಮೂಲೆ ಸೇರಿದರೂ ಮಾತು ಮೂಲೆ ಸೇರದಿರಲಿ ಎಂದು ನನ್ನ ಆಸೆ. ನನ್ನ ಮಗ ಬೆಂಗಳೂರಿನಿಂದ ಫೋನಿನಲ್ಲಿ "ತಲಿ ಎಲ್ಲಾ ಕಸ ಆಗೇತವಾ" ಎಂದು ಅಲವತ್ತುಕೊಂಡಾಗ "ಸ್ವಲ್ಪ ಹೊತ್ತು ಬಾಗಲಾಗ ಕುಂಡ್ರಪಾ, ಹಸನ ಮಾಡ್ಕೊ" ಎಂದೆ. ಅವನ ಫ್ಲ್ಯಾಟಿಗೆ ಹೊಸ್ತಿಲ ಬೆಳಕು ಇಲ್ಲ. ಆದರೂ ಅವನಿಗೆ ತಿಳಿಯಿತು.

ಆ ಶ್ರಾವಣದ ಸಂಜೆ ನಾನು ಅಕ್ಕನಿಗೆ ಫೋನು ಮಾಡಿದೆ. ಏನು ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತೆಲ್ಲ ಗಂಟಲಲ್ಲೇ ಉಳಿಯಿತು. "ಅಕ್ಕಾ, ಅವತ್ತ ನಾ ತಪ್ಪ ಮಾತಾಡಿದೆ" ಎಂದಷ್ಟೇ ಹೊರಟಿತು. ಆಕೆ ಬಹಳ ಹೊತ್ತು ಸುಮ್ಮನಿದ್ದಳು. ಅವರ ಹಿತ್ತಲಿನ ಎಮ್ಮೆ ಒದರಿದ್ದು ಕೇಳಿಸಿತು. ಆಮೇಲೆ "ಉಂಡ್ಯಾ?" ಎಂದು ಕೇಳಿದಳು.

ಮರುವರ್ಷ ಸುಗ್ಗಿ ಮುಗಿದ ಮೇಲೆ ಊರಿನ ಬಸ್ಸಿನಲ್ಲಿ ಒಂದು ಚೀಲ ಬಿಳಿಜೋಳ ಬಂತು. ಬಾಯಿ ದಬ್ಬಣದಲ್ಲಿ ಹೊಲಿದು ಬಿಗಿದಿತ್ತು. ಬಿಚ್ಚುವ ಮೊದಲೇ ಅಕ್ಕನ ಫೋನು.

"ಹಸನ ಮಾಡೇ ಕಳಿಸೇನಿ ತಂಗೆವ್ವಾ. ಆದ್ರೂ ನೀ ಒಮ್ಮಿ ನೋಡ್ಕೊ."

ಮೊರ ತೆಗೆದುಕೊಂಡು ಬಾಗಿಲಿಗೆ ಹೋಗಿ ಕೂತೆ.