ಊರವರು ಕಾಯ್ದ ಕಲ್ಯಾಣ: ಬಸವಕಲ್ಯಾಣ–ಹುಮನಾಬಾದ್ ಪರಿಸರದಲ್ಲಿ ಪರಂಪರೆ ರಕ್ಷಣೆಯ ಇತಿಹಾಸ

ಪೀಠಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಚರಿತ್ರೆ ಸಾಮಾನ್ಯವಾಗಿ ರಾಜವಂಶಗಳಿಂದ ಆರಂಭವಾಗುತ್ತದೆ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರ ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ರಾಜಧಾನಿ ಮಾಡಿಕೊಂಡ. ಆರನೆಯ ವಿಕ್ರಮಾದಿತ್ಯ 1076ರಿಂದ ಸುಮಾರು ಐವತ್ತು ವರ್ಷ ಆಳಿ ತನ್ನ ಹೆಸರಿನ ಶಕೆಯನ್ನೇ ಆರಂಭಿಸಿದ. ಬಿಲ್ಹಣನೂ ವಿಜ್ಞಾನೇಶ್ವರನೂ ಅವನ ಆಶ್ರಯದಲ್ಲಿದ್ದವರು. ಮುಂದೆ ಕಳಚುರಿ ಬಿಜ್ಜಳನ ಕಾಲದಲ್ಲಿ ಬಸವಣ್ಣನವರ ನೇತೃತ್ವದ ಶರಣ ಚಳವಳಿ ಈ ಊರಿನ ಹೆಸರನ್ನು ಕನ್ನಡನಾಡಿನ ಮನೆಮನೆಗೆ ಮುಟ್ಟಿಸಿತು. ಇಷ್ಟು ಎಲ್ಲರೂ ಬಲ್ಲ ಸಂಗತಿ.

ರಾಜಧಾನಿಯ ಪಟ್ಟ ಹೋದ ಮೇಲೆ ಎಂಟು ಶತಮಾನಗಳು ಕಳೆದಿವೆ. ಅಷ್ಟೂ ಕಾಲ ಇಲ್ಲಿನ ಅವಶೇಷಗಳನ್ನು ಉಳಿಸಿಕೊಂಡು ಬಂದವರು ಯಾರು? ಉಳಿದದ್ದೇನು, ಕಳೆದದ್ದೇನು? ಈ ಲೇಖನ ಎತ್ತಿಕೊಳ್ಳುವುದು ಈ ಪ್ರಶ್ನೆಗಳನ್ನು. ಜನಬಳಕೆಯಲ್ಲಿದ್ದ ಸ್ಥಳಗಳಲ್ಲಿ ನೆನಪು ಉಳಿದು ಹಳೆಯ ಕಟ್ಟಡ ಕರಗಿತು. ಬಳಕೆ ತಪ್ಪಿದ ಗುಡಿಗಳಲ್ಲಿ ಕಲ್ಲು ಉಳಿದು ನೆನಪು ಹೋಯಿತು. ಇವೆರಡನ್ನೂ ಜೋಡಿಸುವ ಕೆಲಸ ಸ್ಥಳೀಯರ ಬಳಗಗಳಿಂದಲೇ ಆಗಬೇಕು ಎಂಬುದು ಇಲ್ಲಿನ ಪ್ರತಿಪಾದನೆ.

ಬಳಕೆಯಲ್ಲಿ ಉಳಿದ ಸ್ಥಳಗಳು

ಬಸವಕಲ್ಯಾಣದ ಪರುಷಕಟ್ಟೆ, ಬಂದವರ ಓಣಿ, ತ್ರಿಪುರಾಂತ ಕೆರೆ, ಅಕ್ಕನಾಗಮ್ಮನ ಗವಿ, ಹರಳಯ್ಯನ ಗವಿ, ನುಲಿಯ ಚಂದಯ್ಯನ ಗವಿ, ಮಡಿವಾಳ ಮಾಚಯ್ಯನ ಹೊಂಡ ಇವುಗಳನ್ನು ಯಾವ ಸರ್ಕಾರಿ ಪಟ್ಟಿಗೂ ಮೊದಲು ಕಾಪಾಡಿದ್ದು ಜನರ ಬಾಯಿಮಾತು. ಬಹಮನಿ, ಬರೀದಶಾಹಿ, ಆದಿಲಶಾಹಿಗಳ ಆಳ್ವಿಕೆ ಬಂದುಹೋಯಿತು. 1657ರಲ್ಲಿ ಔರಂಗಜೇಬನ ಸೇನೆ ಕಲ್ಯಾಣದ ಕೋಟೆಯನ್ನು ಮುತ್ತಿ ಗೆದ್ದಿತು. ಆಮೇಲೆ ನಿಜಾಮರ ಕೈಕೆಳಗಿನ ನವಾಬರು ಬಂದರು. ಆಡಳಿತದ ಭಾಷೆಯೂ ದೊರೆಗಳೂ ಬದಲಾದರು. ಓಣಿಯ ಹೆಸರು ಬದಲಾಗಲಿಲ್ಲ. ಶ್ರಾವಣದ ಪೂಜೆ, ಜಾತ್ರೆ, ದಾಸೋಹ, ಅವುಗಳನ್ನು ನಡೆಸಿಕೊಂಡು ಬಂದ ಮಠಗಳು ಮತ್ತು ಊರ ಪಂಚರು ಈ ಹೆಸರುಗಳನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು.

ಇಪ್ಪತ್ತನೆಯ ಶತಮಾನದಲ್ಲಿ ಈ ನೆನಪಿಗೆ ಸಂಘಟಿತ ರೂಪ ಕೊಟ್ಟವರಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಅಗ್ರಗಣ್ಯರು. ನಿಜಾಮನ ಆಡಳಿತದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಅವರ ಸಾಹಸವನ್ನು ಈ ಭಾಗದ ಜನ ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. 1950ರ ದಶಕದಲ್ಲಿ ಬಸವಕಲ್ಯಾಣದಲ್ಲಿ ಅನುಭವ ಮಂಟಪದ ಕಟ್ಟಡಕ್ಕೆ ಅವರು ಕೈಹಾಕಿದರು. ಭಕ್ತರ ಕಾಣಿಕೆಯಿಂದ ಮೇಲೆದ್ದ ಆ ಕಟ್ಟಡ ಪುರಾತತ್ವದ ಅರ್ಥದಲ್ಲಿ ಸಂರಕ್ಷಣೆಯಲ್ಲ, ನೆನಪಿಗೆ ಕಟ್ಟಿದ ಹೊಸ ಮನೆ. ಆದರೆ ಜನರ ಗಮನ ಕಲ್ಯಾಣದ ಕಡೆ ಮರಳಲು ಅದೇ ಕಾರಣವಾಯಿತು. 2005ರಲ್ಲಿ ಬಸವಕಲ್ಯಾಣ ಅಭಿವೃದ್ಧಿ ಮಂಡಳಿ ಸ್ಥಾಪನೆಯಾದದ್ದು, 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿದ್ದದ್ದು ಅದೇ ಹಾದಿಯ ಮುಂದುವರಿಕೆ.

ಭಕ್ತಿಯ ರಕ್ಷಣೆಗೆ ಒಂದು ಮಿತಿಯೂ ಇದೆ. ಪೂಜೆ ನಡೆಯುವ ಕಡೆ ಹಳೆಯದನ್ನು ಹೊಸದಾಗಿಸುವುದೇ ಸೇವೆ ಎಂಬ ಭಾವನೆ ಬಲವಾಗಿರುತ್ತದೆ. ನೆಲಕ್ಕೆ ಗ್ರಾನೈಟ್, ಗೋಡೆಗೆ ಟೈಲ್ಸ್, ಮೂರ್ತಿಗೆ ಆಯಿಲ್ ಪೇಂಟ್ ಬಂದಾಗ ಅಡಿಯಲ್ಲಿದ್ದ ಕಲ್ಲಿನ ಕಾಲವನ್ನು ಗುರುತಿಸುವ ದಾರಿ ಮುಚ್ಚಿಹೋಗುತ್ತದೆ. ಆ ಕಲ್ಲಿನ ಬೆಲೆ ಎಷ್ಟೆಂಬುದಕ್ಕೆ ಅರ್ಜುನವಾಡ ಶಾಸನ ಸಾಕ್ಷಿ. ಬಸವಣ್ಣನವರನ್ನು ಹೆಸರಿಸುವ 1260ರ ಈ ಶಾಸನ ಸಿಕ್ಕಿದ್ದು ಕಲ್ಯಾಣದಲ್ಲಲ್ಲ, ದೂರದ ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಆ ಕಲ್ಲಿಗೆ ಯಾರಾದರೂ ಸಿಮೆಂಟ್ ಮೆತ್ತಿದ್ದರೆ ಶರಣರ ಚರಿತ್ರೆಯ ಒಂದು ಮುಖ್ಯ ಆಧಾರವೇ ನಮಗೆ ಇರುತ್ತಿರಲಿಲ್ಲ.

ಬಳಕೆ ತಪ್ಪಿದ ಗುಡಿಗಳು

ಬಸವಕಲ್ಯಾಣದ ಸಮೀಪದ ನಾರಾಯಣಪುರದ ಶಿವಾಲಯ, ಉಮಾಪುರದ ಮಹಾದೇವ ಗುಡಿ, ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಕಲ್ಮೇಶ್ವರ ಗುಡಿ ಚಾಲುಕ್ಯ ಶಿಲ್ಪದ ಉತ್ತಮ ಮಾದರಿಗಳು. ಜಲಸಂಗಿಯ ಹೊರಗೋಡೆಯಲ್ಲಿ ಸಾಲಾಗಿ ನಿಂತ ಮದನಿಕೆಯರಲ್ಲಿ ಒಬ್ಬಳನ್ನು ಹತ್ತಿರ ಹೋಗಿ ನೋಡಬೇಕು. ನೋಡುವವರಿಗೆ ಬೆನ್ನು ತಿರುವಿ, ಸೊಂಟ ಬಳುಕಿಸಿ ನಿಂತು, ಎತ್ತಿದ ಕೈಯಿಂದ ಫಲಕವೊಂದರ ಮೇಲೆ ಅಕ್ಷರ ಬರೆಯುತ್ತಿದ್ದಾಳೆ. ಆ ಅಕ್ಷರಗಳು ಅಲಂಕಾರಕ್ಕೆ ಗೀಚಿದ ಗೆರೆಗಳಲ್ಲ. ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಸಾಲುಗಳು. ಬರೆಯುವ ಹೆಣ್ಣನ್ನೂ ಅವಳು ಬರೆದ ಶಾಸನವನ್ನೂ ಒಂದೇ ಕಲ್ಲಿನಲ್ಲಿ ಕಂಡರಿಸಿದ ಶಿಲ್ಪಿಯ ಕಲ್ಪನೆ ಬೆರಗು ಹುಟ್ಟಿಸುತ್ತದೆ.

ಇಂಥ ಗುಡಿಗಳಲ್ಲಿ ಹೊಸ ಕಟ್ಟಡದ ಹಾವಳಿ ಕಡಿಮೆಯಾದ್ದರಿಂದ ಶಿಲ್ಪ ಉಳಿಯಿತು. ಆದರೆ ಕಟ್ಟಿಸಿದವರು ಯಾರು, ದತ್ತಿಯ ಹೊಲ ಯಾವುದು, ಯಾವ ಮನೆತನ ಪೂಜೆ ನಡೆಸುತ್ತಿತ್ತು ಎಂಬ ಮಾಹಿತಿ ಬಹುಪಾಲು ಊರ ನೆನಪಿನಿಂದ ಜಾರಿಹೋಗಿದೆ. ಬಸವಕಲ್ಯಾಣ ಕೋಟೆಯ ಸ್ಥಿತಿ ಬಳಕೆಯಲ್ಲಿ ಉಳಿದ ಸ್ಥಳ, ಬಳಕೆ ತಪ್ಪಿದ ಗುಡಿ ಇವೆರಡರ ನಡುವಿನದು. ಒಂದರ ಮೇಲೊಂದು ಆಳ್ವಿಕೆಗಳ ಕಟ್ಟಡಗಳು ಅಲ್ಲಿ ಪದರಪದರವಾಗಿವೆ. ಸುತ್ತಲಿನ ಜೈನ ವಿಗ್ರಹಗಳೂ ಚಾಲುಕ್ಯ ಶಿಲ್ಪಗಳೂ ಒಳಗಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿವೆ. ವಿಗ್ರಹ ಭದ್ರವಾಗಿದ್ದರೆ ಸಾಲದು, ಅದು ಯಾವ ಊರಿನ ಯಾವ ಜಾಗದಿಂದ ಬಂತು ಎಂಬ ವಿವರ ಜೊತೆಗಿದ್ದಾಗಲೇ ಅದು ಚರಿತ್ರೆಯ ಆಧಾರವಾಗುತ್ತದೆ.

ಇಲಾಖೆ, ಗಡಿ, ಭಾಷೆ

ಈ ಭಾಗದಲ್ಲಿ ಶಾಸ್ತ್ರೀಯ ಸಂರಕ್ಷಣೆ ಆರಂಭವಾದದ್ದು ಹೈದರಾಬಾದ್ ಸಂಸ್ಥಾನ 1914ರಲ್ಲಿ ಪುರಾತತ್ವ ಇಲಾಖೆ ತೆರೆದಾಗ. ಅದರ ಮುಖ್ಯಸ್ಥರಾಗಿದ್ದ ಗುಲಾಂ ಯಜ್ದಾನಿ ಬೀದರಿನ ಸ್ಮಾರಕಗಳ ಬಗ್ಗೆ ಬರೆದ ಗ್ರಂಥ 1947ರಲ್ಲಿ ಹೊರಬಂತು. ಸಂಸ್ಥಾನದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಪಿ.ಬಿ. ದೇಸಾಯಿ ಸಂಪಾದಿಸಿದ ಸಂಪುಟ 1958ರಲ್ಲಿ ಪ್ರಕಟವಾಯಿತು. ಈ ಎರಡು ದಿನಾಂಕಗಳ ನಡುವೆ ಆಡಳಿತವೇ ಮಗುಚಿತ್ತು. 1948ರಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಹಳೆಯ ಬೀದರ್ ಜಿಲ್ಲೆ ಒಡೆದು ಉದಗೀರ, ನಿಲಂಗಾ ಮೊದಲಾದವು ಮುಂಬಯಿ ರಾಜ್ಯಕ್ಕೂ, ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೂ ಹೋದವು. ಉಳಿದದ್ದು ಮೈಸೂರು ರಾಜ್ಯ ಸೇರಿತು. ಸಂಸ್ಥಾನ ಕಾಲದ ಕಡತಗಳು ಹೈದರಾಬಾದಿನಲ್ಲೇ ನಿಂತವು.

ಆದ್ದರಿಂದ ಇಲ್ಲಿನ ಒಂದು ಗುಡಿಯ ಅಥವಾ ದರ್ಗಾದ ಪೂರ್ಣ ಚರಿತ್ರೆಗೆ ಹಳಗನ್ನಡದ ಶಾಸನ, ಪಾರಸಿ ಫರ್ಮಾನು, ಉರ್ದು ಕಂದಾಯ ಪತ್ರ, ಮೋಡಿ ಲಿಪಿಯ ಮರಾಠಿ ಕಾಗದ ಎಲ್ಲವನ್ನೂ ಓದಬೇಕಾಗುತ್ತದೆ. ಒಬ್ಬ ವಿದ್ವಾಂಸರಿಗೆ ಇದು ಕಷ್ಟಸಾಧ್ಯ. ಒಂದು ಊರಿಗೆ ಸಾಧ್ಯ, ಏಕೆಂದರೆ ಕನ್ನಡ, ಉರ್ದು, ಮರಾಠಿ ಇಂದಿಗೂ ಒಂದೇ ಪೇಟೆಯಲ್ಲಿ ಕಿವಿಗೆ ಬೀಳುತ್ತವೆ. ಹುಮನಾಬಾದಿನ ಪಕ್ಕದ ಮಾಣಿಕನಗರವೇ ಇದಕ್ಕೆ ಉದಾಹರಣೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಎಲ್ಲ ಮತಗಳೂ ಒಂದೇ ಎಂಬ ಸಕಲಮತ ಸಂಪ್ರದಾಯವನ್ನು ನೆಲೆಗೊಳಿಸಿದರು. 1865ರಲ್ಲಿ ಅವರು ಸಮಾಧಿಸ್ಥರಾದ ನಂತರವೂ ಮಾಣಿಕಪ್ರಭು ಸಂಸ್ಥಾನದ ಗುರುಪರಂಪರೆ, ಹಲವು ಭಾಷೆಗಳ ಪದಗಳ ಗಾಯನ, ದತ್ತಜಯಂತಿಯ ಉತ್ಸವ ಕಡಿದುಹೋಗಿಲ್ಲ. ಕಟ್ಟಡದ ಜೊತೆಗೆ ಸಂಗೀತ, ಆಚರಣೆಗಳೂ ಪರಂಪರೆಯೇ ಎಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಸ್ಥಳೀಯ ಬಳಗ ಮಾಡಬೇಕಾದ ಕೆಲಸ

ಸ್ಮಾರಕ ರಕ್ಷಣೆಗೆ ರಾಜ್ಯದಲ್ಲಿ 1961ರ ಕಾಯ್ದೆ ಇದೆ. ಸಂವಿಧಾನದ 51ಎ ವಿಧಿ ಪರಂಪರೆಯ ರಕ್ಷಣೆಯನ್ನು ಪ್ರತಿ ನಾಗರಿಕನ ಕರ್ತವ್ಯವೆಂದು ಸಾರುತ್ತದೆ. ಆದರೆ ಹೊಲದ ಬದುವಿನ ವೀರಗಲ್ಲಿಗೋ ಹಾಳುಬಾವಿಯ ಮೆಟ್ಟಿಲಿಗೋ ಕಾವಲುಗಾರನಿರುವುದಿಲ್ಲ. ನಿಧಿಯಾಸೆಗೆ ಅಗೆಯುವವರು ಬಂದರೆ ಮೊದಲು ಗೊತ್ತಾಗುವುದು ಪಕ್ಕದ ಹೊಲದವರಿಗೆ.

ಮೊದಲ ಕೆಲಸ ದಾಖಲೆ. ಶಾಸನದ ಪಡಿಯಚ್ಚು ತೆಗೆಯಲು ದೊಡ್ಡ ಯಂತ್ರವೇನೂ ಬೇಡ. ಕಲ್ಲನ್ನು ನೀರಿನಿಂದ ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಮೆಲ್ಲನೆ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿಯ ಉಂಡೆ ಒತ್ತಿದರೆ ಕಪ್ಪು ಹಾಳೆಯ ಮೇಲೆ ಬಿಳಿಯ ಅಕ್ಷರ ಮೂಡುತ್ತದೆ. ಇಲಾಖೆಯ ಅನುಮತಿ ಪಡೆದು, ಬಲ್ಲವರ ಕೈಕೆಳಗೆ ಕಾಲೇಜು ವಿದ್ಯಾರ್ಥಿಗಳು ಇದನ್ನು ಕಲಿಯಬಲ್ಲರು. ಜೊತೆಗೆ ಸ್ಥಳದ ಹೆಸರು, ಹಿರಿಯರು ಹೇಳುವ ಐತಿಹ್ಯ, ಕಲ್ಲಿನ ಅಳತೆ ಬರೆದಿಡಬೇಕು. ಐತಿಹ್ಯ ಬೇರೆ ಕಾಲಂನಲ್ಲಿ, ಶಾಸನಾಧಾರ ಬೇರೆ ಕಾಲಂನಲ್ಲಿ ಇರಬೇಕು. ಎರಡಕ್ಕೂ ಗೌರವವಿರಬೇಕು, ಕಲಬೆರಕೆ ಬೇಡ.

ಎರಡನೆಯದು ದುರಸ್ತಿಯ ವಿವೇಕ. ಸುಣ್ಣದ ಗಾರೆ ಗೋಡೆಯ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಅದನ್ನು ಒಳಗೇ ಹಿಡಿದಿಡುವುದರಿಂದ ಉಪ್ಪು ಕಟ್ಟಿ ಕಲ್ಲಿನ ಮೈ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ದೇವಸ್ಥಾನ ಸಮಿತಿಗಳಿಗೆ ಈ ಒಂದು ಸಂಗತಿ ಮನವರಿಕೆಯಾದರೂ ಬಹಳಷ್ಟು ಉಳಿಯುತ್ತದೆ.

ಮೂರನೆಯದು ಪಾಲುದಾರಿಕೆ. 1991ರಲ್ಲಿ ಸ್ಥಾಪನೆಯಾದ ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಜೀರ್ಣ ಗುಡಿಗಳ ವೆಚ್ಚವನ್ನು ಸರ್ಕಾರ, ಟ್ರಸ್ಟ್, ಊರವರು ಹಂಚಿಕೊಳ್ಳುವ ಪದ್ಧತಿಯಲ್ಲಿ ರಾಜ್ಯದಾದ್ಯಂತ ಕೆಲಸ ಮಾಡಿದೆ. ಪಾಲು ಕೊಟ್ಟ ಊರು ಕೆಲಸದ ಮೇಲೆ ಕಣ್ಣಿಡುತ್ತದೆ ಎಂಬುದೇ ಅದರ ಬಲ.

ಸಮಾರೋಪ

ಕಲ್ಯಾಣದ ಪರಂಪರೆಯನ್ನು ಉಳಿಸಿದವರು ಯಾರು ಎಂಬ ಪ್ರಶ್ನೆಗೆ ಒಂದೇ ಹೆಸರು ಉತ್ತರವಾಗಲಾರದು. ಭಕ್ತರು ಹೆಸರನ್ನು ಉಳಿಸಿದರು, ಇಲಾಖೆ ಕಲ್ಲನ್ನು ಉಳಿಸಿತು, ವಿದ್ವಾಂಸರು ಪಾಠವನ್ನು ಉಳಿಸಿದರು. ಈ ಮೂವರ ಕೆಲಸ ಒಂದೇ ಕಡತದಲ್ಲಿ ಕೂಡಿದ್ದು ಕಡಿಮೆ. ಗ್ರಾಮಕ್ಕೊಂದು ಪರಂಪರೆ ವಹಿ ತೆರೆದು, ಅದರ ಪ್ರತಿಯನ್ನು ಪಂಚಾಯಿತಿಯಲ್ಲೂ ಶಾಲೆಯಲ್ಲೂ ಇಲಾಖೆಯಲ್ಲೂ ಇಡುವ ಕೆಲಸಕ್ಕೆ ಬಸವಕಲ್ಯಾಣ, ಹುಮನಾಬಾದಿನ ಯುವಕರು ಮುಂದಾಗಬೇಕು. ಹೊಸ ಅನುಭವ ಮಂಟಪ ನೋಡಲು ಬರುವವರಿಗೆ ಸುತ್ತಲಿನ ಗವಿ, ಗುಡಿ, ದರ್ಗಾ, ಶಾಸನಗಳ ಖಚಿತ ವಿವರ ಕೊಡುವ ಹೊಣೆ ಆ ವಹಿಯದೇ. ಊರಿನ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕಾದದ್ದು ಬಹಳವಿರುವುದರಿಂದ ಅದನ್ನು ಈ ತಲೆಮಾರಿನಲ್ಲೇ ಬರೆದು ಮುಗಿಸಬೇಕು.